ಠಾಣೆಯ ಫೈಲು, ಬಸ್ ಸ್ಟ್ಯಾಂಡಿನ ಫೈಲು: ಪಕ್ಕದ ಮನೆ ಅಕ್ಕನನ್ನು ಹುಡುಕಿದ ಹದಿನೆಂಟು ತಿಂಗಳು

ಹೋದ ವಾರ ಕೊನೆಯ ಕಾಗದ ಕೈಗೆ ಬಂತು. ಈ ಕೆಲಸ ಶುರು ಮಾಡಿದ್ದು 2023ರ ಆಗಸ್ಟಿನಲ್ಲಿ, ಈಗ 2025ರ ಫೆಬ್ರವರಿ. ಇದೇ ದಾರಿಯಲ್ಲಿ ಹೋಗುವವರು ಇನ್ನೂ ಇದ್ದಾರೆ ಅಂತ ಗೊತ್ತು. ನಮಗೆ ಯಾರೂ ಹೇಳಿಕೊಡದ ವಿಷಯಗಳು ಬಹಳ ಇದ್ದವು, ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾವು ಮೂರು ಜನ. ನಾನು ಪುತ್ತೂರಿನಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ನನ್ನ ಗೆಳತಿ ವಕೀಲೆ. ಚಿಕ್ಕಮ್ಮನ ಮಗ ಮೈಸೂರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಪೊಲೀಸರೂ ಅಲ್ಲ, ಪತ್ರಕರ್ತರೂ ಅಲ್ಲ. ಸಯನೈಡ್ ಮೋಹನ್ ಅಂತ ಎಲ್ಲರೂ ಕರೆಯುವ ಮೋಹನ್ ಕುಮಾರನ ಹೆಸರಿನಲ್ಲಿ ಕೋರ್ಟಿಗೆ ಹೋದ ಕೊಲೆಗಳು 20. ಆ ಇಪ್ಪತ್ತರ ಆಚೆಗೆ ಇನ್ನೂ ಯಾರಾದರೂ ಇದ್ದಾರಾ, ಅವರಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಇದ್ದಾಳಾ ಅನ್ನುವುದೇ ನಮ್ಮ ಪ್ರಶ್ನೆ.

ಅಕ್ಕ ಬೀಡಿ ಕಟ್ಟುತ್ತಿದ್ದಳು. ನಾನು ಶಾಲೆಯಿಂದ ಬರುವಾಗ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು, ತಲೆ ಎತ್ತದೆಯೇ ನನ್ನ ಹೆಜ್ಜೆ ಗುರುತು ಹಿಡಿದು ಮಾತಾಡಿಸುತ್ತಿದ್ದಳು. 2006ರಲ್ಲಿ ಅವಳಿಗೆ 28. ವರದಕ್ಷಿಣೆ ಕೊಡಲಾಗದೆ ಎರಡು ಸಂಬಂಧ ತಪ್ಪಿದ್ದವು. ಒಂದು ದಿನ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು, ಗೆಳತಿಯ ಮದುವೆಗೆ ಹೋಗಿ ಬರ್ತೇನೆ ಅಂದವಳು ಮತ್ತೆ ಬರಲಿಲ್ಲ. ಇದ್ದ ಒಂದೇ ರೇಷ್ಮೆ ಸೀರೆ, ಕುತ್ತಿಗೆಯ ಸರ, ಎರಡೂ ಅವಳ ಜೊತೆಗೇ ಹೋದವು.

ಮೋಹನ್ ಪ್ರಕರಣ ಗೊತ್ತಿದ್ದವರಿಗೆ ಇಷ್ಟು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಬಂಟ್ವಾಳ ತಾಲೂಕಿನ ಕನ್ಯಾನದವನು, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಬಡ ಮನೆಯ, ಮದುವೆ ಆಗದ ಹೆಣ್ಣುಮಕ್ಕಳನ್ನು ಹುಡುಕಿ, ವರದಕ್ಷಿಣೆ ಬೇಡ, ಮದುವೆ ಆಗೋಣ ಅಂತ ನಂಬಿಸಿ ಬೇರೆ ಊರಿಗೆ ಕರೆದುಕೊಂಡು ಹೋಗುತ್ತಿದ್ದ. ರಾತ್ರಿ ಲಾಡ್ಜ್. ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಡು ಅಂತ ಹೇಳಿ ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಗರ್ಭ ನಿಲ್ಲದ ಮಾತ್ರೆ ಅಂತ ಸಯನೈಡ್ ಕೊಟ್ಟು, ಶೌಚಾಲಯಕ್ಕೆ ಹೋಗಿ ತಗೋ ಅನ್ನುತ್ತಿದ್ದ. ಒಳಗಿನಿಂದ ಚಿಲಕ ಹಾಕಿದ ಶೌಚಾಲಯದಲ್ಲಿ ಹೆಣ ಸಿಗುತ್ತಿತ್ತು. ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ, ಹೀಗೆ ಬೇರೆ ಬೇರೆ ಊರುಗಳಲ್ಲಿ. ಅಲ್ಲಿನ ಪೊಲೀಸರಿಗೆ ಅದು ಯಾರೋ ಅಪರಿಚಿತ ಹೆಂಗಸಿನ ಅಸಹಜ ಸಾವು. ಇಲ್ಲಿ ಮನೆಯವರಿಗೆ ಯಾರದ್ದೋ ಜೊತೆ ಓಡಿಹೋದ ಮಗಳು. ಎರಡು ಕಾಗದ, ಎರಡು ಜಿಲ್ಲೆ. ಒಂದನ್ನೊಂದು ವರ್ಷಗಟ್ಟಲೆ ನೋಡಲೇ ಇಲ್ಲ. 2009ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ ಊರವರು ಬೀದಿಗಿಳಿದರು. ಅವಳ ಫೋನ್ ಕರೆಗಳ ಬೆನ್ನು ಹತ್ತಿದಾಗ ಇನ್ನೊಬ್ಬ ಕಾಣೆಯಾದವಳ ಫೋನಿನ ಸುಳಿವು ಸಿಕ್ಕಿತು. ಆ ವರ್ಷ ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ಕೋರ್ಟು ಮೊದಲ ಮೂರು ಪ್ರಕರಣಗಳಲ್ಲಿ ತೀರ್ಪು ಕೊಟ್ಟಿತು. ಇಪ್ಪತ್ತನೆಯದು ಮುಗಿದದ್ದು 2020ರ ಜೂನ್‌ನಲ್ಲಿ.

ಬಂಧನದ ಹೊಸದರಲ್ಲಿ ಇಪ್ಪತ್ತಕ್ಕಿಂತ ದೊಡ್ಡ ಸಂಖ್ಯೆಗಳೂ ಊರಲ್ಲಿ ಓಡಾಡಿದ್ದವು. ಅಕ್ಕನ ಅಮ್ಮ, ನಾನು ದೊಡ್ಡಮ್ಮ ಅನ್ನುವುದು, ಅವತ್ತಿನಿಂದ ಆ ಸುದ್ದಿ ಬಂದ ಪೇಪರುಗಳನ್ನೆಲ್ಲ ಮಡಚಿ ಇಟ್ಟಿದ್ದರು. ಓದಲು ಬರುವುದಿಲ್ಲ ಅವರಿಗೆ.

ಮೊದಲು ಮಾಡಿದ್ದು ತೀರ್ಪುಗಳನ್ನು ಓದುವ ಕೆಲಸ. ನೀವೂ ಇಲ್ಲಿಂದಲೇ ಶುರು ಮಾಡಿ. ಯೂಟ್ಯೂಬಿನಿಂದ ಅಲ್ಲ. ಕೇಸ್ ನಂಬರ್ ಗೊತ್ತಿದ್ದರೆ ಕೋರ್ಟುಗಳ ವೆಬ್‌ಸೈಟ್ ಆದ ಇ-ಕೋರ್ಟ್ಸ್‌ನಲ್ಲಿ ಬಹಳಷ್ಟು ತೀರ್ಪು ದುಡ್ಡಿಲ್ಲದೆ ಸಿಗುತ್ತದೆ. ಸಿಗದಿದ್ದಕ್ಕೆ ನಕಲು ಅರ್ಜಿ ಹಾಕಬೇಕು. ಪ್ರಕರಣಕ್ಕೆ ಸಂಬಂಧ ಇಲ್ಲದವರು ಕೇಳಿದರೆ ಯಾಕೆ ಬೇಕು ಅಂತ ಅಫಿಡವಿಟ್ ಕೊಡಬೇಕಾಗುತ್ತದೆ, ನಮ್ಮ ಮೊದಲ ಅರ್ಜಿ ಅದಿಲ್ಲದೆ ವಾಪಸ್ ಬಂತು, ಎರಡನೆಯದಕ್ಕೆ ಏಳು ವಾರ ಕಾದೆವು. ಓದುವುದು ಸುಲಭ ಅಂತ ತಿಳಿಯಬೇಡಿ. ಒಡವೆಯ ಪಟ್ಟಿ, ಸೀರೆಯ ಬಣ್ಣ, ತಂದೆಯ ಸಾಕ್ಷಿ. ದಿನಕ್ಕೆ ಹತ್ತು ಪುಟಕ್ಕಿಂತ ಜಾಸ್ತಿ ನನಗೆ ಆಗುತ್ತಿರಲಿಲ್ಲ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮನೆ ಬಿಟ್ಟ ದಿನ, ಹೆಣ ಸಿಕ್ಕ ದಿನ, ಸ್ಥಳ, ಉಟ್ಟ ಬಟ್ಟೆ, ಒಡವೆ ಇತ್ತೋ ಇಲ್ಲವೋ ಅಂತ ಗೆರೆ ಹಾಕಿ ಬರೆದೆವು. ಒಂದು ಮಾತು. ಈ ಪ್ರಕರಣಗಳಲ್ಲಿ ಅತ್ಯಾಚಾರದ ಆರೋಪವೂ ಇದೆ. ಅಂಥವರ ಹೆಸರು ಪ್ರಕಟಿಸುವುದು ಅಪರಾಧ, ಮೊದಲು ಹಳೆಯ ದಂಡ ಸಂಹಿತೆಯಾದ ಐಪಿಸಿ 228ಎ, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್ 72. ಆದ್ದರಿಂದ ನಮ್ಮ ನೋಟ್‌ಬುಕ್ಕಿನಲ್ಲಿ ನಂಬರ್ ಮಾತ್ರ ಇದ್ದವು. ನೀವೂ ಹಾಗೇ ಮಾಡಿ.

ಆಮೇಲೆ ಮಾಹಿತಿ ಹಕ್ಕು. ಇಲ್ಲಿ ನಾನು ಮೂರು ತಿಂಗಳು ಕಳೆದುಕೊಂಡೆ. 2003ರಿಂದ 2009ರವರೆಗೆ ಬಸ್ ನಿಲ್ದಾಣಗಳಲ್ಲಿ ಸಿಕ್ಕ ಎಲ್ಲ ಅಪರಿಚಿತ ಹೆಣ್ಣು ಶವಗಳ ಪೂರ್ತಿ ವಿವರ ಕೊಡಿ ಅಂತ ಎರಡು ಪುಟ ಬರೆದು ಕಳಿಸಿದ್ದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ನನ್ನದು ತಿರಸ್ಕಾರ ಆಯಿತು. ಎರಡನೇ ಸಲ ಹೆಸರು, ಫೋಟೊ ಕೇಳಿದೆ. ವೈಯಕ್ತಿಕ ಮಾಹಿತಿ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ), ಕೊಡುವುದಿಲ್ಲ ಅಂತ ಬಂತು. ಮೂರನೇ ಸಲ ಗೆಳತಿ ಬರೆದುಕೊಟ್ಟಳು: ಇಂಥ ಠಾಣೆ, ಇಂಥ ವರ್ಷ, ಅಪರಿಚಿತ ಮಹಿಳೆಯರ ಯುಡಿಆರ್‌ಗಳ ನಂಬರ್, ದಿನಾಂಕ, ಸ್ಥಳ, ಅಂದಾಜು ವಯಸ್ಸು, ಗುರುತು ಪತ್ತೆ ಆಗಿದೆಯೋ ಇಲ್ಲವೋ. ಅಷ್ಟೇ. ಉತ್ತರ ಬಂತು! ಯುಡಿಆರ್ ಅಂದರೆ ಅಸಹಜ ಸಾವಿನ ವರದಿ. ಹಳೆಯದೆಲ್ಲ ಹಿಂದಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಸಿಆರ್‌ಪಿಸಿ 174ರ ಕೆಳಗೆ ಇರುತ್ತದೆ, 2024ರ ಜುಲೈ 1ರಿಂದ ಆದವು ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ 194. ಹಳೆಯದನ್ನು ಹಳೆಯ ಸೆಕ್ಷನ್ ಹೆಸರಿನಲ್ಲೇ ಕೇಳಿ, ಇಲ್ಲದಿದ್ದರೆ ಹೊಸ ಗುಮಾಸ್ತರಿಗೆ ಗೊಂದಲ ಆಗುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2. 30 ದಿನದಲ್ಲಿ ಉತ್ತರ ಬರದಿದ್ದರೆ ಸುಮ್ನೆ ಕಾಯಬೇಡಿ, ಮೊದಲ ಮೇಲ್ಮನವಿ ಹಾಕಿ. ನಮಗೆ ಅರ್ಧಕ್ಕರ್ಧ ಉತ್ತರ ಬಂದದ್ದು ಮೇಲ್ಮನವಿ ಹಾಕಿದ ಮೇಲೆಯೇ.

ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ನಮಗೆ ಬೇಕಾಗಿದ್ದ ಕೆಲವು ಯುಡಿಆರ್ ಫೈಲುಗಳು ಅವಧಿ ಮುಗಿದು ನಾಶವಾಗಿವೆ ಅಂತ ಒಂದು ಠಾಣೆಯಿಂದ ಒಂದೇ ಸಾಲಿನ ಉತ್ತರ. ಅವತ್ತು ರಾತ್ರಿ ಮೂವರೂ ಫೋನಿನಲ್ಲಿ ಮಾತಾಡದೆ ಸುಮಾರು ಹೊತ್ತು ಕೂತಿದ್ದೆವು.

ದಾರಿ ತೋರಿಸಿದವರು ಒಬ್ಬರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಬಹಳ ವರ್ಷ ಠಾಣೆಯ ಕಾಗದಪತ್ರ ಬರೆಯುವ ರೈಟರ್ ಆಗಿದ್ದವರು. "ಯುಡಿಆರ್ ಅಂದ್ರೆ ಠಾಣೆಯಲ್ಲೇ ಮುಗಿಯುವ ಕಾಗದ ಅಲ್ಲ ಮಾರಾಯ್ರೆ" ಅಂದರು. "ಕೊನೆಯ ವರದಿ ತಹಶೀಲ್ದಾರರ ಆಫೀಸಿಗೆ ಹೋಗ್ತದೆ. ಹೆಣ ಆಸ್ಪತ್ರೆಗೆ ಹೋಗ್ತದೆ, ಅಲ್ಲಿ ಶವಾಗಾರದ ರಿಜಿಸ್ಟರ್ ಉಂಟು. ವಾರಸುದಾರರು ಬರದಿದ್ರೆ ಮಣ್ಣು ಮಾಡುವುದು ಮುನ್ಸಿಪಾಲಿಟಿ, ಅವರಲ್ಲೊಂದು ಲೆಕ್ಕ ಇರ್ತದೆ. ಪೇಪರಿಗೆ ಪ್ರಕಟಣೆ ಕೊಟ್ಟಿರ್ತಾರೆ." ಒಂದು ಸಾವಿಗೆ ಐದು ಕಡೆ ಕಾಗದ. ಒಂದು ಸುಟ್ಟರೂ ನಾಲ್ಕು ಉಳಿದಿರಬಹುದು. ಈ ಹದಿನೆಂಟು ತಿಂಗಳಲ್ಲಿ ಯಾರಾದರೂ ಹೇಳಿದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಹಾಗೆ ನನ್ನ ರಜೆಗಳೆಲ್ಲ ಬಸ್ಸಿನಲ್ಲಿ ಕಳೆದವು. ಪುತ್ತೂರಿನಿಂದ ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಹುಣಸೂರು, ಮೈಸೂರು. ಮೋಹನನ ಕೈಯಲ್ಲಿ ಸತ್ತ ಹೆಣ್ಣುಮಕ್ಕಳಲ್ಲಿ ಕೆಲವರು ಬಂದದ್ದೂ ಇದೇ ದಾರಿಯಲ್ಲಿ ಅಂತ ಪ್ರತಿ ತಿರುವಿನಲ್ಲೂ ನೆನಪಾಗುತ್ತಿತ್ತು. ಮೈಸೂರಿನಲ್ಲಿ ಲಷ್ಕರ್ ಮೊಹಲ್ಲಾದ ಬಸ್ ನಿಲ್ದಾಣದಲ್ಲಿ ಇಳಿದರೆ ನಾನು ಹೆಂಗಸರ ಶೌಚಾಲಯದ ಕಡೆ ಹೋಗುತ್ತಿರಲಿಲ್ಲ. ಒಂದೇ ಒಂದು ಸಲ ಹೋಗಿ ಹೊರಗಿನ ಬೆಂಚಿನಲ್ಲಿ ಕೂತೆ. ದುಡ್ಡು ತೆಗೆದುಕೊಳ್ಳುವ ಹೆಂಗಸು ಚಿಲ್ಲರೆ ಎಣಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಹೊರಗೆ ಬಂದರು ಅಂತ ಲೆಕ್ಕ ಇಡಲು ನೋಡಿದೆ, ಆಗಲಿಲ್ಲ. ಹೊರಗೆ ಬರದವಳನ್ನು ಯಾರು ಗಮನಿಸುತ್ತಾರೆ ಅಂತ ಆಗ ಅರ್ಥವಾಯಿತು.

ಹೆಚ್ಚು ಕೆಲಸ ಆದದ್ದು ಗ್ರಂಥಾಲಯದಲ್ಲಿ, ಹಳೆಯ ಪೇಪರುಗಳ ದಪ್ಪ ಬೈಂಡುಗಳ ಮುಂದೆ. ಒಳಪುಟದ ಮೂಲೆಯಲ್ಲಿ ಬರುತ್ತಿದ್ದ ಆ ಸಣ್ಣ ಪ್ರಕಟಣೆಗಳು ನಿಮಗೂ ಗೊತ್ತು. ಅಪರಿಚಿತ ಮಹಿಳೆಯ ಶವ ಪತ್ತೆ, ಸುಮಾರು 30 ವರ್ಷ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಶರೀರ, ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು. ಮೊದಲ ದಿನ ಪ್ರತಿಯೊಂದೂ ಅಕ್ಕನೇ ಅನ್ನಿಸಿತು. ಎರಡನೇ ದಿನದ ಹೊತ್ತಿಗೆ ತಿಳಿಯಿತು, ಎಲ್ಲರಿಗೂ ಅದೇ ಕೋಲು ಮುಖ, ಅದೇ ಎಣ್ಣೆಗೆಂಪು. ಈ ಪದಗಳನ್ನು ನಂಬಿ ಯಾವ ಮನೆಯವರನ್ನೂ ಕೇಳಬೇಡಿ. ನಾನು ಕೇಳಿದೆ, ತಪ್ಪು ಮಾಡಿದೆ. ಕೋಲು ಮುಖವಾ ಅಂದಾಗ ದೊಡ್ಡಮ್ಮ ಹೌದು ಅಂದರು. ದುಂಡು ಮುಖ ಅಂದಿದ್ದರೂ ಹೌದು ಅನ್ನುತ್ತಿದ್ದರು. ಎತ್ತರ, ಹಚ್ಚೆ, ಹಳೆಯ ಗಾಯದ ಗುರುತು, ಹಲ್ಲು, ರವಿಕೆಗೆ ಹೊಲಿದ ಟೈಲರ್ ಅಂಗಡಿಯ ಚೀಟಿ, ಕೆಲಸಕ್ಕೆ ಬರುವುದು ಇಂಥವು. ಇವು ಪೇಪರಿನಲ್ಲಿ ಕಡಿಮೆ, ಹೆಣ ನೋಡಿ ಸಾಕ್ಷಿಗಳ ಎದುರು ಪೊಲೀಸರು ಬರೆಯುವ ಪಂಚನಾಮೆಯಲ್ಲಿ ಇರುತ್ತವೆ.

ಕಾಣೆಯಾದವರ ಕಡೆಯಿಂದಲೂ ಪಟ್ಟಿ ಮಾಡಿದ್ದೆವು. ನಮ್ಮ ಕಡೆಯ, ಆ ವರ್ಷಗಳ, ಹದಿನಾಲ್ಕು ಹೆಣ್ಣುಮಕ್ಕಳು. ಅದರಲ್ಲಿ ಆರು ಜನ ಚೆನ್ನಾಗಿಯೇ ಇದ್ದಾರೆ. ಮದುವೆಯಾಗಿ, ಮಕ್ಕಳಾಗಿ, ಮನೆಯವರೊಂದಿಗೆ ರಾಜಿಯೂ ಆಗಿ, ಫೈಲಿನಲ್ಲಿ ಮಾತ್ರ ಕಾಣೆ. ಒಬ್ಬಳನ್ನು ನಾವು ಕೇರಳದ ಒಂದು ಊರಿನಲ್ಲಿ ಪತ್ತೆ ಮಾಡಿದೆವು. ಗೆಳತಿ ಫೋನಿನಲ್ಲಿ ಮಾತಾಡಿದಳು. ಆಕೆ ಅಳುತ್ತಾ ಕೇಳಿದ್ದು ಒಂದೇ, ನಾನು ಎಲ್ಲಿದ್ದೇನೆ ಅಂತ ಅಣ್ಣಂದಿರಿಗೆ ಹೇಳಬೇಡಿ. ಹೇಳಲಿಲ್ಲ. ನಮ್ಮ ಪಟ್ಟಿಯಿಂದ ಆಕೆಯ ಸಾಲನ್ನೇ ಹರಿದು ಹಾಕಿದೆವು. ಹುಡುಕಲು ಹೊರಡುವ ಮೊದಲೇ ಇದನ್ನು ಯೋಚಿಸಿಟ್ಟುಕೊಳ್ಳಿ, ಸಿಕ್ಕವಳು ಸಿಗಲು ಇಷ್ಟಪಡದಿದ್ದರೆ ಏನು ಮಾಡುತ್ತೀರಿ ಅಂತ.

ಜೈಲಿಗೆ ಪತ್ರ ಬರೆದು ಮೋಹನನನ್ನೇ ಕೇಳೋಣ ಅಂತ ಚಿಕ್ಕಮ್ಮನ ಮಗ ಒಮ್ಮೆ ಹಟ ಹಿಡಿದಿದ್ದ. ಗೆಳತಿ ಬೇಡ ಅಂದಳು, ನನಗೂ ಅದೇ ಸರಿ ಅನ್ನಿಸಿತು. ಕೋರ್ಟಿನಲ್ಲಿ ತನ್ನ ಪರ ತಾನೇ ವಾದ ಮಾಡಿದವನು ಅವನು. ಅವನು ಹೌದು ಅಂದರೂ ಅದು ಸಾಕ್ಷಿ ಆಗುವುದಿಲ್ಲ, ಅಲ್ಲ ಅಂದರೂ ನಂಬುವ ಹಾಗಿಲ್ಲ. ಒಬ್ಬ ತಾಯಿಯ ನೆಮ್ಮದಿಯ ಕೀಲಿಯನ್ನು ಅವನ ಕೈಗೆ ಯಾಕೆ ಕೊಡಬೇಕು?

ನನ್ನಿಂದ ಆದ ದೊಡ್ಡ ತಪ್ಪು 2024ರ ಮಳೆಗಾಲದಲ್ಲಿ. ಸಹಾಯ ಮಾಡ್ತೇನೆ ಅಂದ ಒಬ್ಬರಿಗೆ ನಮ್ಮ ಪಟ್ಟಿಯ ಒಂದು ಪುಟದ ಫೋಟೊ ಕಳಿಸಿದೆ. ಅದರಲ್ಲಿ ಅಕ್ಕನ ಫೋಟೊ ಅಂಟಿಸಿತ್ತು. ನಾಲ್ಕು ದಿನದಲ್ಲಿ ಅದು ವಾಟ್ಸಾಪಿನಲ್ಲಿ 'ಮೋಹನನ 21ನೇ ಬಲಿ' ಅಂತ ತಿರುಗಿತು. ದೊಡ್ಡಮ್ಮನ ಮನೆಗೆ ಕ್ಯಾಮೆರಾ ಹಿಡಿದವರು ಬಂದರು. ದೂರದ ನೆಂಟರು ಫೋನ್ ಮಾಡಿ ಕರ್ಮಾಂತರ ಯಾವಾಗ ಅಂತ ಕೇಳಿದರು. ನಾನು ಹೋದಾಗ ಅವರು ಬೈಯಲಿಲ್ಲ. "ಅವಳು ಸತ್ತದ್ದು ನಿನಗೆ ಗೊತ್ತಾಯ್ತಾ ಮಗಾ? ನನಗೆ ಯಾಕೆ ಮೊದಲು ಹೇಳ್ಲಿಲ್ಲ?" ಅಂದರು. ಇನ್ನೂ ಆ ಮಾತು ಕಿವಿಯಲ್ಲಿದೆ. ಪಟ್ಟಿಯನ್ನು ಯಾರಿಗೂ, ಎಷ್ಟೇ ಒಳ್ಳೆಯವರಿಗೂ, ಫೋನಿನಲ್ಲಿ ಕಳಿಸಬೇಡಿ.

ಅದಾಗಿ ಒಂದು ತಿಂಗಳಿಗೆ, ಅಕ್ಕನ ವಿವರಕ್ಕೆ ಸರಿಯಾಗಿ ಹೊಂದುವ ಹಾಗೆ ಕಾಣುವ ಒಂದು ಸಾವು ಸಿಕ್ಕಿತು. ಘಟ್ಟದ ಮೇಲಿನ ಒಂದು ಊರಿನ ಬಸ್ ನಿಲ್ದಾಣ. ಅಕ್ಕ ಹೋಗಿ ಮೂರನೇ ದಿನ. ರೇಷ್ಮೆ ಸೀರೆ, ಒಡವೆ ಇಲ್ಲ. ಠಾಣೆಯ ಫೈಲು ಇರಲಿಲ್ಲ, ಆದರೆ ತಹಶೀಲ್ದಾರರ ಆಫೀಸಿನ ಹಳೆಯ ಕಂತೆಯಲ್ಲಿ ವರದಿಯ ಜೊತೆ ಪಂಚನಾಮೆಯ ನಕಲು ಇತ್ತು. ಅದನ್ನು ನೋಡಲು ಬಿಡಲು ಐದು ಸಲ ಓಡಾಡಿಸಿದರು, ಐದನೇ ಸಲ ಒಬ್ಬ ಹಿರಿಯ ಗುಮಾಸ್ತೆ ತಾವೇ ಏಣಿ ಹತ್ತಿ ಕಂತೆ ಇಳಿಸಿಕೊಟ್ಟರು. ಪಂಚನಾಮೆಯಲ್ಲಿ ಎತ್ತರ 5 ಅಡಿ 4 ಇಂಚು ಅಂತ ಇತ್ತು.

ಅಕ್ಕನ ಎತ್ತರ ಎಷ್ಟು? ಯಾರಿಗೂ ಗೊತ್ತಿಲ್ಲ. ಬೀಡಿ ಕಾರ್ಡಿನಲ್ಲಿ ಫೋಟೊ ಉಂಟು, ಎತ್ತರ ಇಲ್ಲ. ದೊಡ್ಡಮ್ಮ ಟ್ರಂಕಿನಿಂದ ಅವಳ ಒಂದು ಹಳೆಯ ಲಂಗ ತೆಗೆದುಕೊಟ್ಟರು. ನೀಲಿ ಬಣ್ಣದ ಕಾಟನ್, ಅಂಚಿನಲ್ಲಿ ಕೈಹೊಲಿಗೆ ಹಾಕಿ ಒಳಗೆ ಮಡಚಿದ್ದು, ಉದ್ದ ಜಾಸ್ತಿ ಆಗುತ್ತಿತ್ತು ಅಂತ. ಗೆಳತಿ ಟೇಪು ಹಿಡಿದಳು. ಸೊಂಟದಿಂದ ಅಂಚಿಗೆ 34 ಇಂಚು. ಅವಳು ನನ್ನನ್ನು ನಿಲ್ಲಿಸಿ ಅಳೆದಳು, ನಾನು 5 ಅಡಿ 3, ನನ್ನದು 38. ಮಡಚಿದ ಹೊಲಿಗೆಯ ಮೇಲೆ ದೊಡ್ಡಮ್ಮ ಬೆರಳು ಆಡಿಸುತ್ತಾ, "ಗಿಡ್ಡಿ ಅವಳು. ದೇವರ ದೀಪ ಹಚ್ಚಲಿಕ್ಕೆ ಮಣೆ ಹತ್ತುತ್ತಿದ್ದಳು" ಅಂದರು. ಅದು ಅಕ್ಕ ಅಲ್ಲ. ನನಗೆ ಬಂದದ್ದು ಸಮಾಧಾನವೋ ನಿರಾಸೆಯೋ, ಈಗಲೂ ಬಿಡಿಸಿ ಹೇಳಲು ಬರುವುದಿಲ್ಲ. ಯಾಕೆಂದರೆ ಅವಳು ಅಕ್ಕ ಅಲ್ಲದಿದ್ದರೆ ಇನ್ನೊಬ್ಬರ ಮಗಳು, ಅಲ್ವಾ? ಆ ವಿವರವನ್ನು, ಅದರ ಜೊತೆ ಗುರುತು ಸಿಗದ ಇನ್ನೆರಡನ್ನು ನಮ್ಮ ಊಹೆ ಏನೂ ಸೇರಿಸದೆ, ಕಾಗದಗಳ ನಕಲು ಲಗತ್ತಿಸಿ ಆ ಜಿಲ್ಲೆಯ ಎಸ್‌ಪಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಮೋಹನನ ಹೆಸರನ್ನು ಬೇಕಂತಲೇ ಬರೆಯಲಿಲ್ಲ. ಆ ಹೆಸರು ಹಾಕಿದ ಕೂಡಲೇ ಬೇರೆ ದಾರಿಗಳೆಲ್ಲ ಮುಚ್ಚಿಹೋಗುತ್ತವೆ, ಹೆಣ್ಣುಮಕ್ಕಳು ಕಾಣೆಯಾಗಲು ಅವನೊಬ್ಬನೇ ಕಾರಣ ಅನ್ನುವ ಹಾಗೆ.

ಇನ್ನು ಡಿಎನ್‌ಎ. ತಾಯಿಯ ರಕ್ತದ ಮಾದರಿ ತೆಗೆದಿಟ್ಟರೆ ಮುಂದೆ ಎಲ್ಲಾದರೂ ಹೊಂದಬಹುದು ಅಂತ ಆಸೆ. ಅದು ನಾವು ಹೋಗಿ ಕೇಳಿದರೆ ಆಗುವ ಕೆಲಸ ಅಲ್ಲ, ಒಂದು ಕೇಸು ಬೇಕು, ಪೊಲೀಸರ ಮೂಲಕವೇ ಪ್ರಯೋಗಾಲಯಕ್ಕೆ ಹೋಗಬೇಕು. ಸರಿ, 2006ರ ಕೇಸಿನ ನಂಬರ್ ಕೊಡಿ ಅಂತ ಅರ್ಜಿ ಹಾಕಿದೆವು. ಆ ವರ್ಷ ಆ ಠಾಣೆಯಲ್ಲಿ ದಾಖಲಾದ ಮಹಿಳೆ ಕಾಣೆ ಪ್ರಕರಣಗಳ ಪಟ್ಟಿ ಬಂತು. ಅಕ್ಕನ ಹೆಸರು ಇರಲಿಲ್ಲ.

ಮೂರು ಸಲ ಓದಿದೆ. ಇರಲಿಲ್ಲ. ಆಗ ಅವಳ ಅಣ್ಣ ಠಾಣೆಗೆ ಹೋಗಿ ಬರೆದುಕೊಟ್ಟಿದ್ದು ನಿಜ. ಬರ್ತಾಳೆ ಬಿಡಿ, ಮದುವೆಯಾಗಿ ಬರ್ತಾಳೆ ಅಂತ ಕಾಗದ ಇಟ್ಟುಕೊಂಡು ಕಳಿಸಿದ್ದರಂತೆ. ಸ್ವೀಕೃತಿ ಕೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಆ ಮನೆ ಪೊಲೀಸರು ಹುಡುಕುತ್ತಿದ್ದಾರೆ ಅಂತ ನಂಬಿಕೊಂಡು ಕೂತಿತ್ತು. ನಾವು ಕೂಡ ಅವಳನ್ನು ಬಸ್ ನಿಲ್ದಾಣಗಳ ಫೈಲಿನಲ್ಲಿ ಒಂದು ವರ್ಷ ಹುಡುಕಿದೆವು, ಮನೆ ಹತ್ತಿರದ ಠಾಣೆಯಲ್ಲಿ ಅವಳ ಫೈಲೇ ಹುಟ್ಟಿರಲಿಲ್ಲ. ದಯವಿಟ್ಟು ನೀವು ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮೊದಲ ದಿನವೇ ಎಫ್‌ಐಆರ್ ಇದೆಯಾ, ಕ್ರೈಂ ನಂಬರ್ ಎಷ್ಟು ಅಂತ ನೋಡಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಅದು ಹಕ್ಕು.

ಹೊಸದಾಗಿ ದೂರು ಕೊಡಲು ಹೋದರೆ ಇಷ್ಟು ತಡ ಯಾಕೆ ಅಂತ ಮೊದಲು ವಾಪಸ್ ಕಳಿಸಿದರು. ಎರಡನೇ ಸಲ ಗೆಳತಿ ಬಂದಳು. ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೂರು ಕಳಿಸಿ ಐದು ವಾರ ಕಾದ ಮೇಲೆ ಠಾಣೆಯಿಂದಲೇ ಫೋನ್ ಬಂತು. ಒಟ್ಟು ಖರ್ಚು ಬರೆದಿಟ್ಟಿದ್ದೇನೆ: ಬಸ್ಸು, ಜೆರಾಕ್ಸು, ನೋಟರಿ, ಪೋಸ್ಟು, ಮೈಸೂರಿನ ಊಟ ಸೇರಿ ಮೂವರದ್ದು 23 ಸಾವಿರ ಚಿಲ್ಲರೆ. ಗೆಳತಿ ಫೀಸ್ ತೆಗೆದುಕೊಳ್ಳಲಿಲ್ಲ.

ಹೋದ ವಾರ ದೊಡ್ಡಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಫೋಟೊ, ಬೀಡಿ ಕಾರ್ಡು ಎರಡೂ ಬಿಸ್ಕತ್ತಿನ ಡಬ್ಬಿಯಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬರೆದುಕೊಳ್ಳುತ್ತಿದ್ದ ಹುಡುಗ ಸಣ್ಣವನು, ಅಕ್ಕ ಹೋದಾಗ ಅವನಿನ್ನೂ ಬಾಲವಾಡಿಯಲ್ಲಿ ಇದ್ದಿರಬೇಕು. ಹೆಸರು ಕೇಳಿದ, ತಂದೆಯ ಹೆಸರು ಕೇಳಿದ, ಆಮೇಲೆ ವಯಸ್ಸು ಎಷ್ಟಮ್ಮಾ ಅಂದ.

"ಹೋಗುವಾಗಿನದ್ದಾ, ಈಗಿನದ್ದಾ?" ಅಂತ ದೊಡ್ಡಮ್ಮ ಕೇಳಿದರು.

ಅವನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಾದ. 28 ಅಂತ ಬರೆದ. ಆಮೇಲೆ ತಾನಾಗಿಯೇ ಕೆಳಗೆ ಇನ್ನೊಂದು ಸಾಲು ಸೇರಿಸಿದ, ಈಗ ಸುಮಾರು 47.